ಎಂಜಿನ್ ಇಳಿಸಿ ಮೋಟಾರು ಕೂರಿಸುವ ಸಾವಂತ್ರೆವ್ವ

ಮೇವು ಬಿಟ್ಟ ಕುರಿಯ ಹೊಟ್ಟೆ ಮುಟ್ಟಿ ನೋಡುವ ಹಾಗೆ ಸಾವಂತ್ರೆವ್ವ ಮೋಟಾರಿನ ಮೈಮೇಲೆ ಅಂಗೈ ಇಟ್ಟು ಕೂತಿದ್ದಾರೆ. ಸೂರ್ಯ ಇನ್ನೂ ಹುಟ್ಟಿಲ್ಲ. ಗುಡಗೇರಿಯಿಂದ ಲಕ್ಷ್ಮೇಶ್ವರದ ಕಡೆ ಹೋಗುವ ರಸ್ತೆಯ ಎರಡೂ ಬದಿಗೆ ಮೆಣಸಿನಕಾಯಿ ಹೊಲಗಳ ಮೇಲೆ ಮಂಜು ಮಲಗಿದೆ. ರಸ್ತೆ ಪಕ್ಕದ ತಗಡಿನ ಪಂಕ್ಚರ್ ಅಂಗಡಿಯಲ್ಲಿ ಒಂದೇ ಒಂದು ದೀಪ. ಎದುರಿನ ಹಿಟ್ಟಿನ ಗಿರಣಿಯ ಮುಂದೆ ಜೋಳದ ಡಬ್ಬಿಗಳು ಆಗಲೇ ಸಾಲು ಹಿಡಿದಿವೆ.

"ಒತ್ತು ಬೇ," ಅನ್ನುತ್ತಾರೆ ಸಾವಂತ್ರೆವ್ವ.

ಅಂಗಡಿಯ ಒಡತಿ ಜಹೀರಾ ಸ್ವಿಚ್ ಒತ್ತುತ್ತಾರೆ. ಮೋಟಾರು ಗುಂಯ್ ಅನ್ನುತ್ತದೆ. ಬೆಲ್ಟು ಒಂದು ಬೆರಳಿನಷ್ಟು ಅಲುಗಿ ನಿಲ್ಲುತ್ತದೆ. ಗಾಳಿ ತುಂಬುವ ಟ್ಯಾಂಕಿಯ ಮೇಲಿನ ದೊಡ್ಡ ಚಕ್ರ ತಿರುಗುವುದಿಲ್ಲ.

"ಬಂದ್ ಮಾಡು, ಬಂದ್ ಮಾಡು. ಸುಟ್ಟೀತು."

"ನಿನ್ನಿ ಬುಗುರಿ ತಿರುಗಿದಂಗ ತಿರುಗಿತ್ತಲ್ಲ ಅಕ್ಕಾ?"

"ನಿನ್ನಿ ತಿರುಗಿತ್ತು. ಇವತ್ತ ಒಲ್ಲೆ ಅಂತೈತಿ. ತಡಿ, ಯಾಕ ಒಲ್ಲಿ ಅಂತ ಕೇಳೂಣು."

ಅಂಗಡಿಯ ಮುಂದೆ ಟ್ರ್ಯಾಕ್ಟರ್ ನಿಂತಿದೆ. ಟ್ರಾಲಿಯ ತುಂಬ ಮೆಣಸಿನಕಾಯಿ ಚೀಲ, ಒಂದು ಗಾಲಿ ನೆಲಕ್ಕೆ ಅಂಟಿದೆ. ಡ್ರೈವರ್ ಮಾಳಿಂಗರಾಯ ಕಂಬಳಿ ಹೊದ್ದು ಟಾಯರಿನ ಮೇಲೆ ಕೂತಿದ್ದಾನೆ. ಮಾಲು ಬ್ಯಾಡಗಿ ಮಾರ್ಕೆಟ್ಟಿಗೆ ಹೊತ್ತಿಗೆ ಮುಟ್ಟಬೇಕು.

"ನಾ ಬಂದ ದಿವಸನ ಇದಕ್ಕ ಜ್ವರ ಬರಬೇಕನ್ರಿ?" ಅಂತ ನನ್ನ ಕಡೆ ನೋಡಿ ಕೇಳುತ್ತಾನೆ, ನಾನೇ ಏನೋ ಕೈಯಾಡಿಸಿದ ಹಾಗೆ.

ನಾನು ಬಂದದ್ದು ಸಾವಂತ್ರೆವ್ವನವರ ಕೆಲಸ ನೋಡಿ ಬರೆಯಲು. ಕುಂದಗೋಳ ತಾಲೂಕಿನ ಈ ಭಾಗದಲ್ಲಿ ಪೆಟ್ರೋಲ್ ಎಂಜಿನ್ನಿನ ಮೇಲೆ ನಡೆಯುತ್ತಿದ್ದ ಬಡಿಗರ ಗರಗಸ, ಕಮ್ಮಾರರ ಕುಲುಮೆಯ ಗಾಳಿಯಂತ್ರ, ಪಂಕ್ಚರ್ ಅಂಗಡಿಯ ಗಾಳಿಯ ಟ್ಯಾಂಕಿ, ಇಂಥವುಗಳ ಎಂಜಿನ್ ಬಿಚ್ಚಿ ಆ ಜಾಗದಲ್ಲಿ ಕರೆಂಟಿನ ಮೋಟಾರು ಕೂರಿಸುವವರು ಇವರು. ಬೋರ್ಡಿಲ್ಲ, ಅಂಗಡಿಯಿಲ್ಲ. ಒಂದು ಗೋಣಿಚೀಲ, ಅದರಲ್ಲಿ ಸ್ಪ್ಯಾನರು, ತಾಮ್ರದ ತಂತಿ, ನಾಲ್ಕೈದು ಅಳತೆಯ ಪುಲ್ಲಿಗಳು, ಅಂದರೆ ಬೆಲ್ಟು ಕೂರುವ ಕಬ್ಬಿಣದ ಗಾಲಿಗಳು. ತಿರುಗುವ ಮೋಟಾರು ನೋಡಿ ಹೋಗೋಣ ಅಂತ ಬಂದರೆ ನಿಂತ ಮೋಟಾರು ಸಿಕ್ಕಿದೆ.

ಅದು ನಿಂತರೆ ಜಹೀರಾಗೆ ಏನಾಗುತ್ತದೆ ಅನ್ನುವುದನ್ನು ಮೊದಲು ಹೇಳಿಬಿಡಬೇಕು.

ಈ ಅಂಗಡಿ ಜಹೀರಾ ಅವರ ಗಂಡನದು. ಅವರು ತೀರಿಕೊಂಡ ಮೇಲೆ ಜಹೀರಾ ಬಾಗಿಲು ಹಾಕಲಿಲ್ಲ. ಟ್ಯೂಬು ತೇಯುವುದು, ಅಂಟಿಸುವುದು ಗಂಡನ ಬಾಜು ಕೂತೇ ಕಲಿತಿದ್ದರು. ಟಾಯರ್ ಬಿಚ್ಚುವುದು ತೋಳಿಗಿಂತ ಕಾಲಿನ ಕೆಲಸ, ಅದೂ ಬಂತು. ಬಾರದೆ ಹೋದದ್ದು ಎಂಜಿನ್ನಿನ ಹಗ್ಗ. ಹಳೆಯ ಎಂಜಿನ್ನು, ಹಗ್ಗ ಸುತ್ತಿ ಒಮ್ಮೆಲೇ ಜಗ್ಗಬೇಕು. ಹೋದ ಮಳೆಗಾಲದಲ್ಲಿ ಅದು ಹಿಂದಕ್ಕೆ ಒದ್ದು ಹಗ್ಗವನ್ನು ಎಳೆದುಕೊಂಡಾಗ ಜಹೀರಾ ಅವರ ಬಲ ಭುಜದೊಳಗೆ ಏನೋ ಹರಿಯಿತು. ಇನ್ನು ಯಾವತ್ತೂ ಜಗ್ಗಬೇಡ ಅಂದರು ಡಾಕ್ಟರು.

"ಆವತ್ತಿಂದ ಹಗ್ಗ ಹಿಡಕೊಂಡು ರಸ್ತಾ ನೋಡ್ಕೋತ ನಿಂದರೋದ್ರಿ," ಅನ್ನುತ್ತಾರೆ ಜಹೀರಾ. "ಬಸ್ ನಿಂತರ ಕಂಡಕ್ಟರಗ, ಅಣ್ಣಾ ಒಂದ ಸಲ ಜಗ್ಗಿ ಹೋಗು. ಗಾಳಿ ಹಾಕಸಾಕ ಬಂದೋರಿಗೆ, ನಿನ್ನ ಗಾಲಿಗೆ ನೀನ ಜಗ್ಗಪಾ. ನಗತಾರ, ಜಗ್ಗತಾರ. ಕೆಲವೊಬ್ರು ಮುಂದಿನ ಊರಾಗ ಹಾಕಸ್ತೀನಿ ಅಂತ ಹೋಗತಾರ."

ಗಂಡನ ತಮ್ಮ ಮುಜಫರ್ ಹುಬ್ಬಳ್ಳಿಯಲ್ಲಿ ಗ್ಯಾರೇಜು ನಡೆಸುತ್ತಾರೆ. ಅತ್ತಿಗೆ ಹೀಗೆ ರಸ್ತೆಯಲ್ಲಿ ಹಗ್ಗ ಹಿಡಿದು ನಿಲ್ಲುವುದು ಅವರಿಗೆ ನೋಡಲಾಗುವುದಿಲ್ಲ. ಅಂಗಡಿ ಬಿಡು, ನಮ್ಮ ಮನೆಗೆ ಬಂದಿರು, ಟ್ಯಾಂಕಿ ಗ್ಯಾರೇಜಿಗೆ ಒಯ್ಯುತ್ತೇನೆ ಅಂತ ಅವರ ಮಾತು.

"ಬೈದು ಕರದಿದ್ರ ಬರಂಗಿಲ್ಲ ಅಂತಿದ್ದೆ," ಅನ್ನುತ್ತಾರೆ ಜಹೀರಾ. "ಪ್ರೀತಿಲೆ ಕರೀತಾನ. ಅದ ತ್ರಾಸ. ಅಲ್ಲಿ ಹೋದ್ರ ಯಾರೂ ಏನೂ ಅನ್ನಂಗಿಲ್ಲ. ಆದ್ರ ಇಲ್ಲಿ ನಾ ಅಂಗಡಿ ಜಹೀರಾ. ಅಲ್ಲಿ ಅಡಿಗಿ ಮನ್ಯಾಗ ಇನ್ನೊಬ್ಬಾಕಿ."

ಕೊನೆಗೆ ಒಂದು ಒಪ್ಪಂದ ಆಗಿದೆ. ಮೋಟಾರು ಕೂರಿಸಿ ನೋಡೋಣ. ಯಾರ ಸಹಾಯವೂ ಇಲ್ಲದೆ ಜಹೀರಾ ಒಬ್ಬರೇ ನಡೆಸುವ ಹಾಗಾದರೆ ಮುಜಫರ್ ಹಳೆಯ ಎಂಜಿನ್ ಮಾತ್ರ ಒಯ್ಯುತ್ತಾರೆ. ಆಗದಿದ್ದರೆ ಟ್ಯಾಂಕಿಯೂ ಗಾಡಿ ಹತ್ತುತ್ತದೆ, ಅಂಗಡಿಗೆ ಬೀಗ. ಮುಜಫರ್ ಅವರ ಪಿಕಪ್ ಹುಬ್ಬಳ್ಳಿ ಬಿಟ್ಟಾಗಿದೆ. ಇನ್ನೇನು ಬರಬೇಕು.

ಸಾವಂತ್ರೆವ್ವ ಅವಸರ ಮಾಡುವುದಿಲ್ಲ. ಮೋಟಾರು ಮುಟ್ಟುತ್ತಾರೆ, ಮೂಸುತ್ತಾರೆ. "ಒಳಗ ಏನೂ ಆಗಿಲ್ಲ," ಅನ್ನುತ್ತಾರೆ. ಕೈಯಿಂದ ದೊಡ್ಡ ಚಕ್ರ ತಿರುಗಿಸಿ ನೋಡುತ್ತಾರೆ, ಬಿಗಿಯಾಗಿದೆ, ಆದರೆ ತಿರುಗುತ್ತದೆ. ಆಮೇಲೆ ಗೋಣಿಚೀಲದಿಂದ ಒಂದು ಹಳೆಯ ಕಾಲದ ಗಾಜಿನ ಬಲ್ಬು ತೆಗೆಯುತ್ತಾರೆ, ಒಳಗೆ ತಂತಿ ಕಾಣುವಂಥದ್ದು.

"ಈಗಿನ ಎಲ್‌ಇಡಿ ಸುಳ್ಳು ಹೇಳತಾವ್ರಿ ಅಣ್ಣಾರ. ಕರೆಂಟಿನ ಜೋರು ಕಡಿಮಿ ಆದ್ರೂ ಅಷ್ಟ ಬೆಳಕ ಕೊಡತಾವ. ಈ ಮುದುಕ ಖರೇ ಹೇಳತಾನ."

ಮುದುಕನನ್ನು ಹೋಲ್ಡರಿಗೆ ಹಾಕುತ್ತಾರೆ. ತಂತಿ ಕೆಂಪಗೆ, ಆರಿಹೋಗುವ ಕೆಂಡದ ಹಾಗೆ ಹೊಳೆಯುತ್ತದೆ ಅಷ್ಟೇ. ಸಾವಂತ್ರೆವ್ವ ಕತ್ತೆತ್ತಿ ರಸ್ತೆಯ ಆಚೆ ನೋಡುತ್ತಾರೆ. ಗಿರಣಿ ಏಕನಾದದಲ್ಲಿ ಬೀಸುತ್ತಿದೆ.

"ಜಹೀರಾ, ನಿನ್ನಿ ಗಿರಣಿ ಚಾಲೂ ಇತ್ತೇನು?"

"ನಿನ್ನಿ ಅಮಾಸಿ ಇತ್ತಲ್ಲ ಅಕ್ಕಾ, ಬಂದ್ ಇತ್ತು."

ಸಾವಂತ್ರೆವ್ವ ಹಣೆ ಹಣೆ ಬಡಿದುಕೊಳ್ಳುತ್ತಾರೆ. ಆಮೇಲೆ ನಗುತ್ತಾರೆ, ತಮ್ಮ ಮೇಲೆಯೇ.

ನಮ್ಮ ಕಡೆ ಅಮಾವಾಸ್ಯೆಗೆ ಯಂತ್ರಗಳಿಗೆ ಬಿಡುವು. ಗಿರಣಿ ಬಂದ್, ಗರಗಸ ಬಂದ್, ಟ್ರ್ಯಾಕ್ಟರ್ ತೊಳೆದು ಪೂಜೆ ಮಾಡಿ ನಿಲ್ಲಿಸುತ್ತಾರೆ. ಅದಕ್ಕೇ ಸಾವಂತ್ರೆವ್ವನಿಗೆ ಎಲ್ಲರೂ "ಅಮಾಸಿಗೆ ಬಾ" ಅನ್ನುವುದು. ಕೆಲಸ ಕೆಡದ ಹಾಗೆ ಅವತ್ತೇ ಬಿಚ್ಚಬೇಕು, ಅವತ್ತೇ ಕೂರಿಸಬೇಕು. ಇಡೀ ಊರಿನ ಯಂತ್ರಗಳು ಮಲಗಿದ ದಿನ ಕರೆಂಟಿನ ಜೋರು ತುಂಬಿದ ಕಾಲುವೆಯ ಹಾಗೆ ಬರುತ್ತದೆ, ಎಂಥ ಮೋಟಾರೂ ತಿರುಗುತ್ತದೆ. ಮರುದಿನ ಗಿರಣಿ ಶುರುವಾದರೆ ಅದೇ ಕಂಬದ ಕರೆಂಟು ಅರ್ಧ ಅಲ್ಲಿಗೇ ಹೋಗುತ್ತದೆ.

"ಸಣ್ಣ ಮಷೀನಿಗೆ ಇದು ತಿಳೀತಿರಲಿಲ್ರಿ, ನಡದ ಹೋಗತಿತ್ತು," ಅನ್ನುತ್ತಾರೆ ಸಾವಂತ್ರೆವ್ವ. "ಇದು ಗಾಳಿ ಒತ್ತೋ ಜೋಡಿ ಪಿಸ್ಟನ್ನಿಂದು, ಭಾರ. ಅಮಾಸಿ ಕರೆಂಟ್ ನೋಡಿ ನಾ ಮೋಸ ಹ್ವಾದೆ."

ಜಹೀರಾ ಹತ್ತಿರ ಬಂದು ದನಿ ತಗ್ಗಿಸುತ್ತಾರೆ. "ಅಕ್ಕಾ, ಗಿರಣಿಯವರು ನಮ್ಮವರ. ಮುಜಫರ್ ಬಂದಾಗ ಒಂದ ಗಳಿಗಿ ನಿಲ್ಲಸ್ರಿ ಅಂದ್ರ ನಿಲ್ಲಸ್ತಾರ. ಅಷ್ಟರಾಗ ತಿರುಗಿಸಿ ತೋರಿಸಿಬಿಡೂಣು."

"ಇವತ್ತ ನಿಲ್ಲಸ್ತಾರ. ನಾಳಿ?"

ಜಹೀರಾ ಗಿರಣಿಯ ಕಡೆ ನೋಡುತ್ತಾರೆ.

"ಹಗ್ಗ ಜಗ್ಗಾಕ ಬಸ್ಸಿನ ದಾರಿ ಕಾಯ್ತಿದ್ದಿ. ನಾಳಿಂದ ಗಿರಣಿ ಯಾವಾಗ ನಿಲ್ಲತೈತಿ ಅಂತ ಕಾಯ್ತಿ. ಅದಕ್ಕ ನನ್ನ ಯಾಕ ಕರದಿ?" ಅನ್ನುತ್ತಾ ಸ್ಪ್ಯಾನರ್ ಕೈಗೆ ತೆಗೆದುಕೊಳ್ಳುತ್ತಾರೆ. "ಅಂವಾ ಬರಲಿ. ಬಿಚ್ಚಿದ್ದ ನೋಡಲಿ. ಮಾಳಿಂಗರಾಯಾ, ನೀ ಚಾ ಕುಡದ ಬಾರಪಾ."

"ಚಾ ಕುಡದ ಆತಬೇ ಎವ್ವಾ."

"ಇನ್ನೊಂದ ಕುಡಿ. ಮೆಣಸಿನಕಾಯಿ ಎಲ್ಲೂ ಓಡಿ ಹೋಗಂಗಿಲ್ಲ."

ಈ ಬಿಚ್ಚುವ ಕೈ ಎಲ್ಲಿಂದ ಬಂತು? ಸಾವಂತ್ರೆವ್ವ ಗುಡಗೇರಿಯ ಕುರುಬರ ಮನೆಯ ಸೊಸೆ. ಗಂಡ ಮಾಳಪ್ಪ ಇವತ್ತಿಗೂ ಕುರಿ ಕಾಯುತ್ತಾರೆ. ಅತ್ತೆ ಉಣ್ಣೆ ನೂಲುತ್ತಿದ್ದವರು. ಮದುವೆಯಾಗಿ ಬಂದ ಹೊಸದರಲ್ಲಿ ಸಾವಂತ್ರೆವ್ವ ಪ್ಯಾಸೆಂಜರ್ ರೈಲು ಹತ್ತಿ ಹುಬ್ಬಳ್ಳಿಗೆ ಹೋಗಿ, ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿಯೊಂದರಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದರು. ಸುಟ್ಟ ತಾಮ್ರದ ತಂತಿ ಬಿಡಿಸಿ ರಾಶಿ ಹಾಕುವುದು ಎರಡನೇ ಕೆಲಸ. ಬಿಡಿಸುತ್ತಾ ಬಿಡಿಸುತ್ತಾ ಅದು ಹೇಗೆ ಸುತ್ತಿತ್ತು ಅನ್ನುವುದು ತಿಳಿಯಿತು.

"ಒಂದಿನ ಸುತ್ತೋ ಹುಡುಗ ಬಂದಿರಲಿಲ್ಲ. ನಾ ಸುತ್ತತೇನ್ರಿ ಅಂದೆ. ಮಾಲೀಕ್ರು ನಕ್ರು. ನಗಲಿ ಅಂತ ಸುತ್ತಿದೆ. ನೂಲಿನ ಕೈ ಐತಲ್ರಿ ಮನ್ಯಾಗ, ಎಳಿ ಹರೀದಂಗ ಎಷ್ಟ ಜಗ್ಗಬೇಕಂತ ಬೆರಳಿಗೆ ಗೊತ್ತಿರತೈತಿ."

ಮುಂದೆ ಬಹಳ ವರ್ಷ ಅದೇ ಅಂಗಡಿ, ಅದೇ ರೈಲು. ಗಂಡಸರು ಬಂದು ಮೋಟಾರು ಕೊಟ್ಟು, ಮೇಸ್ತ್ರಿ ಎಲ್ಲಿ ಅಂತ ಕೇಳುತ್ತಿದ್ದರು. ಒಳಗೆ ಅದಾನ ಅನ್ನುತ್ತಿದ್ದರಂತೆ ಸಾವಂತ್ರೆವ್ವ. ಒಳಗೆ ಯಾರೂ ಇರುತ್ತಿರಲಿಲ್ಲ. ರೈಲು ತಪ್ಪಿದರೆ ಮನೆ ಮುಟ್ಟುವಷ್ಟರಲ್ಲಿ ಒಲೆ ಆರಿರುತ್ತಿತ್ತು. ಬೆರಳ ತುದಿ ತಾಮ್ರಕ್ಕೆ ಸೀಳಿ, ರೊಟ್ಟಿ ತಟ್ಟುವಾಗ ಬಿಸಿ ತಾಗಿದರೆ ಕಣ್ಣಲ್ಲಿ ನೀರು. ಮಾಲೀಕರಿಗೆ ವಯಸ್ಸಾಗಿ ಅಂಗಡಿ ಮುಚ್ಚಿದ ಮೇಲೆ ಊರಿಗೆ ಬಂದು ಕೂತರು. ಕೂರಲು ಬಿಟ್ಟವರು ಯಾರು? ಹಳೆಯ ಎಂಜಿನ್ನಿಗೆ ಸಾಮಾನು ಸಿಗುವುದಿಲ್ಲ, ಹೊಗೆ, ಗದ್ದಲ, ಪೆಟ್ರೋಲು. ಇದಕ್ಕೊಂದು ಮೋಟಾರು ಹಚ್ಚಿ ಕೊಡಬೇ ಅಂತ ಬಡಿಗರೊಬ್ಬರು ಬಂದರು. ಅದು ನಡೆಯಿತು. ಬಾಯಿಂದ ಬಾಯಿಗೆ ಸುದ್ದಿ ಹೋಯಿತು.

ಈಗ ಕಲಘಟಗಿಯ ತನಕ ಕರೆ ಬರುತ್ತದೆ. ಅಲ್ಲಿ ಬಣ್ಣದ ತೊಟ್ಟಿಲು ಮಾಡುವವರ ಮನೆಯೊಂದರಲ್ಲಿ ಕಟ್ಟಿಗೆ ಕಡೆಯುವ ಯಂತ್ರಕ್ಕೆ ಮೋಟಾರು ಕೂರಿಸಿ ಬಂದರೆ, ಎರಡೇ ದಿನಕ್ಕೆ ಫೋನು. ಕಟ್ಟಿಗೆ ಚೆನ್ನಾಗಿ ಕಡೆಯುತ್ತದೆ, ತಿರುಗುವ ಕಟ್ಟಿಗೆಗೆ ಹಚ್ಚುವ ಬಣ್ಣ ಮಾತ್ರ ಸಿಡಿಯುತ್ತದೆ. ಎಂಜಿನ್ ಇದ್ದಾಗ ಬಣ್ಣದ ಹೊತ್ತಿಗೆ ಸದ್ದು ತಗ್ಗಿಸಿ ನಿಧಾನ ತಿರುಗಿಸುತ್ತಿದ್ದರು, ಮೋಟಾರಿಗೆ ನಿಧಾನ ಗೊತ್ತಿಲ್ಲ. ಸಾವಂತ್ರೆವ್ವ ಮತ್ತೆ ಬಸ್ಸು ಹತ್ತಿ ಹೋಗಿ, ಮೆಟ್ಟಿಲು ಮೆಟ್ಟಿಲಾಗಿರುವ ಪುಲ್ಲಿ ಹಾಕಿ ಬಂದರು. ಬೆಲ್ಟು ಒಂದು ಮೆಟ್ಟಿಲು ಸರಿಸಿದರೆ ಕಡೆಯುವ ವೇಗ, ಇನ್ನೊಂದಕ್ಕೆ ಸರಿಸಿದರೆ ಬಣ್ಣದ ವೇಗ.

ಮಾಳಪ್ಪನವರನ್ನು ನಾನು ಹಿಂದಿನ ದಿನ ಸಂಜೆ ಮನೆಯಲ್ಲಿ ಮಾತಾಡಿಸಿದ್ದೆ. "ನನ್ನ ಕುರಿ ಎಷ್ಟ ಮರಿ ಹಾಕ್ಯಾವ ಅಂತ ಈಕಿನ್ನ ಕೇಳ್ರಿ, ಗೊತ್ತಿಲ್ಲ," ಅಂದರು. "ಯಾರ ಮನಿ ಮೋಟಾರ್ ಯಾವಾಗ ಕೆಮ್ಮತೈತಿ ಅನ್ನೂದು ಪೂರಾ ಗೊತ್ತು." ಸಾವಂತ್ರೆವ್ವ ಒಳಗಿನಿಂದಲೇ, "ಕುರಿ ನಿಮ್ಮ ಮಾತ ಕೇಳತಾವ, ಅವು ಸಾಕು ನಿಮಗ," ಅಂದರು.

ಪಿಕಪ್ ಬಂದು ನಿಲ್ಲುತ್ತದೆ. ಮುಜಫರ್ ಇಳಿಯುತ್ತಾರೆ, ಬಿಚ್ಚಿ ಹರವಿದ ಸಾಮಾನು ನೋಡುತ್ತಾರೆ. ದೊಡ್ಡ ದನಿಯ ಮನುಷ್ಯ ಅಲ್ಲ.

"ಆಗಲಿಲ್ಲೇನ್ ಭಾಭಿ?"

ಜಹೀರಾ ಬಾಯಿ ತೆರೆಯುವ ಮೊದಲೇ ಸಾವಂತ್ರೆವ್ವ ಹೇಳುತ್ತಾರೆ: "ನಿನ್ನಿ ಆಗಿತ್ತಪಾ. ಇವತ್ತ ಗಿರಣಿ ಚಾಲೂ ಆದಕೂಡ್ಲೆ ಆಗಲಿಲ್ಲ. ತಪ್ಪು ನಂದು, ಮೋಟಾರಿಂದಲ್ಲ, ಈಕಿದೂ ಅಲ್ಲ. ನೀ ನಿಂತ ನೋಡು."

ಮುಜಫರ್ ಗ್ಯಾರೇಜಿನವರು, ಕೆಲಸ ಬಲ್ಲವರು. "ಪುಲ್ಲಿ ಸಣ್ಣದ ಮಾಡತೀರೇನ್ ಅಕ್ಕಾರ?" ಅಂತ ಕೇಳಿ, ತೋಳು ಮಡಚಿ ಒಂದು ಕಡೆ ಹಿಡಿಯಲು ಕೂರುತ್ತಾರೆ.

ಎಂಜಿನ್ನಿಗಿಂತ ಮೋಟಾರು ನಿಧಾನ ತಿರುಗುತ್ತದೆ. ಹಾಗಾಗಿ ಗಾಳಿ ಮೊದಲಿನಷ್ಟೇ ಬೇಗ ತುಂಬಲಿ ಅಂತ ಸಾವಂತ್ರೆವ್ವ ಮೋಟಾರಿಗೆ ದೊಡ್ಡ ಪುಲ್ಲಿ ಹಾಕಿದ್ದರು. ದೊಡ್ಡ ಪುಲ್ಲಿ ಅಂದರೆ ವೇಗ, ವೇಗ ಅಂದರೆ ಭಾರ. ಈಗ ಅದನ್ನು ತೆಗೆದು ಸಣ್ಣದು ಹಾಕುತ್ತಾರೆ. ಇನ್ನೊಂದು ಕೆಲಸ, ಪಿಸ್ಟನ್ನಿನಿಂದ ಟ್ಯಾಂಕಿಗೆ ಹೋಗುವ ಕೊಳವೆಗೆ ಒಂದು ಪುಟ್ಟ ನಲ್ಲಿ. ಅಲ್ಲಿ ಸಿಕ್ಕಿಕೊಂಡ ಗಾಳಿಯೂ ಮೋಟಾರಿಗೆ ಎದುರಾಗಿ ನಿಲ್ಲುತ್ತದಂತೆ. ಮೊದಲು ನಲ್ಲಿ ಬಿಚ್ಚಿ ಆ ಗಾಳಿ ಬಿಟ್ಟು, ಆಮೇಲೆ ಸ್ವಿಚ್ ಒತ್ತಿ, ಚಕ್ರ ಓಟ ಹಿಡಿದ ಮೇಲೆ ನಲ್ಲಿ ಮುಚ್ಚಬೇಕು.

"ತಲಿ ಮ್ಯಾಲಿನ ಬುಟ್ಟಿ ಇಳಿಸಿ ಎದ್ದ ನಿಂದರಸು, ಆಮ್ಯಾಲೆ ಹೊರಸು," ಅಂತ ಜಹೀರಾಗೆ ಬಿಡಿಸಿ ಹೇಳುತ್ತಾರೆ.

ಕೆಲಸ ನಡೆಯುತ್ತಿರುವಾಗ ಸಾವಂತ್ರೆವ್ವ ನಿನ್ನೆ ಮಾಡಿಟ್ಟದ್ದನ್ನು ನಾನು ನೋಡುತ್ತೇನೆ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬು ಮುಳುಗಿಸುವ ನೀರಿನ ಬುಟ್ಟಿ ಇರುತ್ತದಲ್ಲ, ಅದು ಟ್ಯಾಂಕಿಯ ಪಕ್ಕದಲ್ಲೇ ಇತ್ತಂತೆ. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಿದರೆ ಕಥೆ ಮುಗಿಯಿತು. ಬುಟ್ಟಿಯನ್ನು ಅಂಗಡಿಯ ಆ ತುದಿಗೆ ಕಳಿಸಿದ್ದಾರೆ. ಸ್ವಿಚ್ಚಿನ ಕೆಳಗೆ ನಿಲ್ಲಲು ಕಟ್ಟಿಗೆಯ ಹಲಗೆ, ಪಕ್ಕದಲ್ಲಿ ಕೈ ಒರೆಸಲು ಒಂದು ಬಟ್ಟೆ. ಸ್ವಿಚ್ ಇರುವುದು ಎಡಗೈಗೆ, ನೋಯದ ಕೈಗೆ. ಬೆಲ್ಟಿಗೆ ಜಹೀರಾ ಅವರ ಓಢಣಿ ಸಿಗದ ಹಾಗೆ ಹಳೆಯ ಟೇಬಲ್ ಫ್ಯಾನಿನ ಜಾಳಿಗೆಗಳ ಮುಚ್ಚಳ. ಕಂಬದಿಂದ ಮೀಟರಿನವರೆಗೆ ಲೈನ್‌ಮನ್ನರ ಕೆಲಸ, ಅದನ್ನು ಸಾವಂತ್ರೆವ್ವ ಮುಟ್ಟುವುದಿಲ್ಲ. ದೊಡ್ಡ ಚಕ್ರದ ಎದುರಿಗೆ ಬಿಳಿ ಉಣ್ಣೆಯ ಒಂದು ಎಳೆ ನೇತಾಡುತ್ತಿದೆ. ಇದೇನು ಅಂತ ಕೇಳುತ್ತೇನೆ.

"ಚಕ್ರದ ಗಾಳಿ ಪಿಸ್ಟನ್ನಿನ ಕಡೆ ಬೀಸಬೇಕ್ರಿ, ಅದು ತಂಪ ಇರಬೇಕು. ಉಲ್ಟಾ ತಿರುಗಿದ್ರ ಕಾದ ಹೋಗತೈತಿ. ಉಣ್ಣಿ ಯಾವ ಕಡೆ ಹಾರತೈತಿ ಅಂತ ನೋಡಿದ್ರ ಸಾಕು. ನಮ್ಮ ಮನಿಯವರ ಕುರೀದು. ಅವರಿಗೆ ಹೇಳಬ್ಯಾಡ್ರಿ, ಲೆಕ್ಕಾ ಹಚ್ಚತಾರ."

ಬೋಲ್ಟು ಬಿಗಿಯಾಗುತ್ತದೆ. ಸೂರ್ಯ ಮೇಲೆ ಬಂದಿದ್ದಾನೆ. ಗಿರಣಿಯಲ್ಲಿ ಈಗ ಗೋಧಿಯೂ ಬಿದ್ದಿದೆ ಅನ್ನಿಸುತ್ತದೆ, ಸದ್ದು ಇನ್ನೂ ಭಾರವಾಗಿದೆ. ಬಲ್ಬಿನ ಮುದುಕ ಮೊದಲಿಗಿಂತ ಮಂಕು. ಮುಜಫರ್ ಕೈ ಒರೆಸಿಕೊಂಡು ಸ್ವಿಚ್ಚಿನ ಕಡೆ ಹೋಗುತ್ತಾರೆ.

"ನೀ ಬ್ಯಾಡ," ಅನ್ನುತ್ತಾರೆ ಸಾವಂತ್ರೆವ್ವ. "ಆಕಿ."

ಜಹೀರಾ ಹಲಗೆಯ ಮೇಲೆ ನಿಲ್ಲುತ್ತಾರೆ. ಎಡಗೈಯಿಂದ ನಲ್ಲಿ ಬಿಚ್ಚುತ್ತಾರೆ, ಬುಸ್ ಅಂತ ಗಾಳಿ ಹೊರಬೀಳುತ್ತದೆ. ಸ್ವಿಚ್ ಒತ್ತುತ್ತಾರೆ. ಮೋಟಾರು ಗುಂಯ್ ಅನ್ನುತ್ತದೆ. ಆ ಸದ್ದು ನಮಗೆಲ್ಲ ಗೊತ್ತು, ಮಾಳಿಂಗರಾಯ ಚಹದ ಕಪ್ಪು ಹಿಡಿದೇ ಎದ್ದು ನಿಂತಿದ್ದಾನೆ. ಬೆಲ್ಟು ಅಲುಗುತ್ತದೆ. ನಿಲ್ಲುವುದಿಲ್ಲ. ಚಕ್ರ ಸೋಮಾರಿಯ ಹಾಗೆ ಒಂದು ಸುತ್ತು ಬರುತ್ತದೆ, ಇನ್ನೊಂದು, ಆಮೇಲೆ ಕಡ್ಡಿಗಳು ಕಣ್ಣಿಗೆ ಕಾಣದ ಹಾಗೆ ಓಟ ಹಿಡಿಯುತ್ತದೆ. ಉಣ್ಣೆಯ ಎಳೆ ಪಿಸ್ಟನ್ನಿನ ಕಡೆಗೆ ಚಾಚಿ ನಿಲ್ಲುತ್ತದೆ.

"ಮುಚ್ಚು," ಅನ್ನುತ್ತಾರೆ ಸಾವಂತ್ರೆವ್ವ.

ಜಹೀರಾ ನಲ್ಲಿ ಮುಚ್ಚುತ್ತಾರೆ. ಟ್ಯಾಂಕಿಯ ಮುಳ್ಳು ಮೇಲೇರಲು ಶುರುವಾಗುತ್ತದೆ. ಮಾತಾಡಿದರೆ ನಿಂತೀತು ಅನ್ನುವ ಹಾಗೆ ಎಲ್ಲರೂ ಮುಳ್ಳು ನೋಡುತ್ತಾ ನಿಂತಿದ್ದಾರೆ. ಟ್ಯಾಂಕಿ ತುಂಬಿ ಮೋಟಾರು ತಾನೇ ನಿಂತಾಗ ಜಹೀರಾ ಗಾಬರಿಯಾಗುತ್ತಾರೆ.

"ಕೆಟ್ಟಿತೇನ ಅಕ್ಕಾ?"

"ಹೊಟ್ಟಿ ತುಂಬೇತಿ, ಸುಮ್ನ ಕುಂತೈತಿ. ಎಂಜಿನ್ನಿನಂಗ ಉಂಡ ಮ್ಯಾಲೂ ಒದರಂಗಿಲ್ಲ."

ಮಾಳಿಂಗರಾಯನ ಗಾಲಿಗೆ ಗಾಳಿ ತುಂಬುತ್ತದೆ. ಮೊದಲಿಗಿಂತ ತಡವಾಗುತ್ತದೆ, ಅದು ನಿಜ, ಸಣ್ಣ ಪುಲ್ಲಿಗೆ ಕೊಟ್ಟ ಬೆಲೆ. "ಇದರ ಆಟಕ್ಕ ನನ್ನ ಮೆಣಸಿನಕಾಯಿ ಕಂದಿ ಹೋಗತಾವ," ಅಂತ ಆತ ಗೊಣಗುತ್ತಾನೆ. "ಹೋದ ತಿಂಗಳ ಹಗ್ಗ ಜಗ್ಗಿ ಜಗ್ಗಿ ನಿನ್ನ ಅಂಗಿ ಹರದಿತ್ತಲ್ಲ, ಮರತೇನು?" ಅನ್ನುತ್ತಾರೆ ಜಹೀರಾ. ಆತ ನಗುತ್ತಾ ಟ್ರ್ಯಾಕ್ಟರ್ ಹತ್ತುತ್ತಾನೆ.

ಮುಜಫರ್ ಇನ್ನೂ ಒಪ್ಪಿಲ್ಲ. ಟ್ಯಾಂಕಿ ಖಾಲಿ ಮಾಡಿಸಿ ಮತ್ತೆ ಚಾಲೂ ಮಾಡಿಸುತ್ತಾರೆ, ಅರ್ಧ ತುಂಬಿದಾಗ ನಿಲ್ಲಿಸಿ ಮತ್ತೆ ಚಾಲೂ ಮಾಡಿಸುತ್ತಾರೆ. ತಾವು ರಸ್ತೆಯ ಆಚೆ ಹೋಗಿ ಗಿರಣಿಯ ಬಾಗಿಲಲ್ಲಿ ನಿಂತು, ಅದು ಜೋರಾಗಿ ಬೀಸುವಾಗ ಕೈಸನ್ನೆ ಮಾಡುತ್ತಾರೆ. ಪ್ರತಿ ಸಲವೂ ಜಹೀರಾ ಒಬ್ಬರೇ, ಎಡಗೈಯಲ್ಲೇ. ಪ್ರತಿ ಸಲವೂ ಚಕ್ರ ಮೊದಲು ಸೋಮಾರಿ, ಆಮೇಲೆ ಓಟ.

"ಕರೆಂಟ್ ಹೋದ್ರ ಏನ ಮಾಡತಿ ಭಾಭಿ?"

"ಟ್ಯಾಂಕಿ ತುಂಬಿ ಇಟ್ಟಿರತೀನಿ, ನಾಕ ಬೈಕಿಗೆ ಆಗತೈತಿ. ಅದೂ ಮುಗದ್ರ ಕುಂದರತೀನಿ. ಹೋದ ಕರೆಂಟ್ ಬರತೈತಿ ಮುಜಫರ್. ಹಗ್ಗ ಜಗ್ಗೋರು ಬಂದ ಬರತಾರಂತ ಯಾರೂ ಹೇಳಿರಲಿಲ್ಲ."

ಮುಜಫರ್ ಟ್ಯಾಂಕಿಯ ಮುಳ್ಳು ಇನ್ನೊಮ್ಮೆ ನೋಡುತ್ತಾರೆ. ಆಮೇಲೆ ಮೂಲೆಯಲ್ಲಿದ್ದ ಹಳೆಯ ಎಂಜಿನ್ನನ್ನು ಎತ್ತಿ ಪಿಕಪ್ಪಿಗೆ ಇಡುತ್ತಾರೆ. ಅದೊಂದನ್ನೇ. ಹಿಂದಿನ ಬಾಗಿಲು ಹಾಕಿ ಕೊಂಡಿ ಸಿಕ್ಕಿಸುವಾಗ, "ಈದಿಗೆ ಬಂದ ಹೋಗು ಮನಿಗೆ. ಬಂದ ಹೋಗು ಅಂದ್ನಿ, ಬಂದ ಇರು ಅನ್ನಲಿಲ್ಲ," ಅನ್ನುತ್ತಾರೆ. ಜಹೀರಾ ಓಢಣಿಯ ತುದಿಯಿಂದ ಮುಖ ಒರೆಸಿಕೊಂಡು, "ಬರತೇನು. ಗಾಡಿ ಟಾಯರ್ ನೋಡಿದ್ಯಾ, ಹಿಂದಿಂದು ಇಳದೈತಿ. ತಾ ಇತ್ತಾಗ," ಅನ್ನುತ್ತಾರೆ. ಹುಬ್ಬಳ್ಳಿ ಗ್ಯಾರೇಜಿನ ಮಾಲೀಕರಿಗೆ ಅತ್ತಿಗೆಯ ಅಂಗಡಿಯಲ್ಲಿ ಗಾಳಿ ಹಾಕಿಸಿಕೊಳ್ಳದೆ ಹೋಗಲಾಗುವುದಿಲ್ಲ.

ಸಾವಂತ್ರೆವ್ವ ಆಗಲೇ ಚೀಲ ಕಟ್ಟುತ್ತಿದ್ದಾರೆ. ನಿಮಗೇನಾದರೂ ಆಸೆ ಇದೆಯಾ ಅಂತ ನಾನು ಕೇಳುತ್ತೇನೆ, ಇಂಥ ಬರಹಗಳಿಗೆ ಅದೊಂದು ಬೇಕಲ್ಲ. ಅವರು ಬಸ್ಸಿನ ದಾರಿ ನೋಡುತ್ತಾ ಯೋಚಿಸುತ್ತಾರೆ.

"ಮನಿ ಮುಂದ ಒಂದ ಶೆಡ್ ಆದ್ರ ಚೊಲೋ ಆಗತಿತ್ರಿ. ಮಳ್ಯಾಗ ಮೋಟಾರ್ ಬಿಚ್ಚಾಕ ಆಗಂಗಿಲ್ಲ." ಚೀಲದ ಬಾಯಿ ಬಿಗಿದು: "ಇನ್ನೊಂದ ಹೇಳಲ್ರಿ? ನನ್ನ ಫೋನ್ ಬಡೀಬಾರದು. ಹೊಸಾ ಕೆಲಸಕ್ಕ ಬಡೀಲಿ. ಹಚ್ಚಿ ಬಂದ ಮೋಟಾರಿನ ಸಲುವಾಗಿ ಬಡೀಬಾರದು."

ಮುಂದಿನ ಅಮಾವಾಸ್ಯೆಯ ಕೆಲಸಕ್ಕೆ ಇನ್ನು ಮರುದಿನ ಬೆಳಿಗ್ಗೆಯೂ ತಾವೇ ಇದ್ದು, ಗಿರಣಿ ಶುರುವಾದ ಮೇಲೆ ಚಾಲೂ ಮಾಡಿ ನೋಡಿಯೇ ಊರು ಬಿಡುತ್ತಾರಂತೆ. ಬಸ್ಸು ಬರುತ್ತದೆ, ಚೀಲ ಎತ್ತಿ ಹತ್ತುತ್ತಾರೆ.

ಈ ಬರಹ ಕಳಿಸುವ ಮುಂಚೆ, ಹದಿನೈದು ದಿನ ಕಳೆದ ಮೇಲೆ, ಒಂದೆರಡು ವಿವರ ಕೇಳಲು ನಾನು ಸಾವಂತ್ರೆವ್ವನಿಗೆ ಫೋನ್ ಮಾಡಿದೆ. ಜಹೀರಾ ಕಡೆಯಿಂದ ಕರೆ ಬಂದಿತ್ತಾ ಅಂದೆ.

"ಬಂದಿತ್ರಿ ನಿನ್ನಿ," ಅಂದರು. ಮತ್ತೆ ಗುಂಯ್ ಅಂದು ನಿಂತಿತೇನೋ ಅಂದುಕೊಂಡೆ. "ಹಸಿ ಕಡಲಿ ಬಂದಾವ, ಒಯ್ಯಾಕ ಬಾ ಅಕ್ಕಾ ಅಂದ್ಳು. ಆ ಮಾತು ಈ ಮಾತು, ಭಾಳೊತ್ತ ಮಾತಾಡಿದ್ವಿ."

ಮೋಟಾರು ಹೇಗಿದೆಯಂತೆ?

"ಮೋಟಾರಿನ ಮಾತ ಆಕಿ ತಗೀಲಿಲ್ರಿ," ಅಂದರು ಸಾವಂತ್ರೆವ್ವ. "ನಾನೂ ಕೇಳಲಿಲ್ಲ."